ನಾಲ್ಕು ಕಡೆಯೂ ನೀರು

ಬೊಂಬಾಯಿ
೧೨-೯-೧೯೩೭

ತೀರ್ಥರೂಪ ಅಪ್ಪನವರಿಗೆ ಮಗ ಕೋದಂಡರಾಮಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದೆನೇ ಹೊರತು ನನ್ನ ಕೋಣೆಯಲ್ಲಿ ಎಂಟು ಅಂಗಗಳನ್ನೂ ಒಟ್ಟಿಗೆ ಚಾಚುವಷ್ಟು ಜಾಗವಿಲ್ಲ. ಸದ್ಯಕ್ಕೆ ನಾಲ್ಕನ್ನು ಸ್ವೀಕರಿಸಬೇಕು. ಉಳಿದ ನಾಲ್ಕು ಊರಿಗೆ ಬಂದಾಗ.

ಎಂದಿನಂತೆ ಈ ಕಾಗದವನ್ನು ಅಶ್ವತ್ಥಪ್ಪ ಮೇಷ್ಟ್ರು ನಮ್ಮ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿರುತ್ತಾರೆ ಎಂದು ಬಲ್ಲೆ. ಮೇಷ್ಟ್ರೇ, ನಮಸ್ಕಾರ. ಸುತ್ತ ಕೂತಿರುವ ಚಿಂತಪಲ್ಲಿಯ ಸಮಸ್ತರಿಗೂ ನಮಸ್ಕಾರ. ಮುನಿರಾಮಪ್ಪ ಮಾವ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರೆ ಹಿಂದೆ ಕೂತವರಿಗೂ ಕೇಳಿಸುತ್ತದೆ. ಗಂಗಕ್ಕ ಬಾಗಿಲ ಹಿಂದೆ ನಿಂತು, ತಮ್ಮ ಏನು ಅಧಿಕಪ್ರಸಂಗ ಬರೆದಿದ್ದಾನೋ ಎಂದು ಹಲ್ಲು ಕಚ್ಚುತ್ತಿದ್ದಾಳೆ. ಅಕ್ಕ, ನಿನಗೂ ನಮಸ್ಕಾರ.

ಈ ಊರು ದ್ವೀಪ. ನಾಲ್ಕು ಕಡೆಯೂ ನೀರು, ನಡುವೆ ನಾವು. ಉತ್ತರದ ಕಡೆ ಮಾತ್ರ ಸೇತುವೆ ಕಟ್ಟಿ ರೈಲು ಓಡಿಸಿ ದ್ವೀಪದ ಮರ್ಯಾದೆ ತೆಗೆದಿದ್ದಾರೆ. ಇಷ್ಟು ದೊಡ್ಡ ದ್ವೀಪದಲ್ಲಿ ನನ್ನ ಕೋಣೆಗೆ ಒಂದು ದೀಪವಿಲ್ಲ. ಮೆಟ್ಟಿಲ ದೀಪದ ಕೆಳಗೆ ಕೂತು ಬರೆಯುತ್ತಿದ್ದೇನೆ. ಹಗಲಿನಲ್ಲಿ ವಿಮಾ ಕಂಪನಿಯಲ್ಲಿ ಜನರ ಜೀವಕ್ಕೆ ಬೆಲೆ ಕಟ್ಟುವ ಕೆಲಸ. ನನ್ನ ಜೀವಕ್ಕೆ ಅವರು ಕಟ್ಟಿರುವ ಬೆಲೆಯನ್ನು ಜಗಲಿಯ ಮೇಲೆ ಹೇಳಿದರೆ ಅಪ್ಪನಿಗೆ ಅವಮಾನ. ಬಿಡಿ.

ಇವತ್ತು ಭಾನುವಾರ. ಬೀದಿಯ ತುಂಬ ಗಣಪತಿಗಳು. ಇಲ್ಲಿಯವರು ಅವನನ್ನು ಕೆರೆಗೆ ಬಿಡುವುದಿಲ್ಲ, ಸಮುದ್ರಕ್ಕೇ ಬಿಡುತ್ತಾರೆ. ಆ ಗದ್ದಲದಿಂದ ತಪ್ಪಿಸಿಕೊಂಡು ಮ್ಯೂಸಿಯಂ ನೋಡಲು ಹೋದೆ. ಮ್ಯೂಸಿಯಂ ಎಂದರೆ ದೊಡ್ಡ ಗುಮ್ಮಟದ ಬಂಗಲೆ. ಹಳೆಯ ಕಾಲದ ಚಿತ್ರ, ಶಿಲೆ, ವಿಗ್ರಹಗಳನ್ನು ಜನ ನೋಡಲಿ ಎಂದು ಇಟ್ಟಿರುತ್ತಾರೆ. ಕಲೆ ನೋಡಲು ಹೋದವನ ಅಂಗಿಯ ಮೇಲೂ ಸಾರಿನ ಕಲೆಯೊಂದು ಇತ್ತು. ಅದನ್ನು ಮಾತ್ರ ಯಾರೂ ನೋಡದಿರಲಿ ಎಂದು ಕೈ ಕಟ್ಟಿಕೊಂಡೇ ತಿರುಗಿದೆ. ಕಾವಲಿನವನು ನನ್ನ ವಿನಯ ಕಂಡು ಸಲಾಮು ಹೊಡೆದ. ಮೊದಲ ಕೋಣೆಯಲ್ಲಿ ಎಣ್ಣೆಬಣ್ಣದ ದೊರೆಸಾನಿಯರು. ಗೋಡೆಯ ತುಂಬ ನಿಂತಿದ್ದಾರೆ. ಅವರಿಗೆ ಹೊದೆಯಲು ನಮ್ಮ ಕಡೆಯ ಕಂಬಳಿಗಳನ್ನು ಕಳಿಸಿದರೆ ಪುಣ್ಯ ಬರುತ್ತದೆ. ಎರಡನೆಯದರಲ್ಲಿ ತಲೆಯಿಲ್ಲದ ದೇವರುಗಳು, ದೇವರಿಲ್ಲದ ತಲೆಗಳು.

ಮೂರನೆಯ ಕೋಣೆಯಲ್ಲಿ, ಅಪ್ಪ, ನಾನು ನಿಂತುಬಿಟ್ಟೆ. ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಊರ ದೇವತೆ ಸಪ್ಪಲಮ್ಮ.

ಹೊಸ ಮುಖ ಅಲ್ಲ. ನಾವು ಚಿಕ್ಕವರಿದ್ದಾಗ ಮನೆಯಿಂದ ಮನೆಗೆ ಸರದಿಯ ಮೇಲೆ ಬರುತ್ತಿದ್ದಳಲ್ಲ, ಆ ಹಳೆಯ ಕಂಚಿನ ಮುಖ. ಎಡಗೆನ್ನೆಯ ಬಿರುಕಿಗೆ ತಾಮ್ರದ ತೇಪೆ ಹಾಕಿ, ಬಾಯಲ್ಲಿ ತಾಂಬೂಲ ಒತ್ತಿಕೊಂಡವಳ ಹಾಗೆ ಕೆನ್ನೆ ಉಬ್ಬಿತ್ತಲ್ಲ, ಅದೇ ಕೆನ್ನೆ. ಕೆಳಗೆ ಒಂದು ಚೀಟಿ: ಸ್ತ್ರೀದೇವತೆಯ ಮುಖ, ಕಂಚು, ದಕ್ಷಿಣ ಭಾರತ. ಹೆಸರಿಲ್ಲ, ಊರಿಲ್ಲ. ಇಲ್ಲಿಯ ಮೆಸ್ಸಿನವರು ನನ್ನನ್ನು ಮದರಾಸಿ ಎಂದು ಕರೆದು ಮುಗಿಸುವಂತೆ ಆಕೆಯನ್ನೂ ಮುಗಿಸಿದ್ದಾರೆ.

ಬಿ.ಎ. ಮಾಡದೆಯೇ ಬೊಂಬಾಯಿಯಲ್ಲಿ ನನಗಿಂತ ಒಳ್ಳೆಯ ಜಾಗ ಹಿಡಿದುಬಿಟ್ಟಿದ್ದಾಳೆ. ಅಪ್ಪ ಅವಳನ್ನು ಕೆರೆಗೆ ಬಿಟ್ಟು ಬಂದರು ಎಂದು ನಾವೆಲ್ಲ ನಂಬಿದ್ದೆವು. ರೈಲಿನ ಟಿಕೀಟು ತೆಗೆಸಿಕೊಟ್ಟಿದ್ದನ್ನು ನನಗೊಬ್ಬನಿಗಾದರೂ ಹೇಳಿದ್ದರೆ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬರುತ್ತಿದ್ದೆ.

ಮೇಷ್ಟ್ರೇ, ಇಲ್ಲಿ ಸ್ವಲ್ಪ ನಿಲ್ಲಿಸಿ. ಎಲ್ಲರೂ ನಕ್ಕ ಮೇಲೆ ಮುಂದೆ ಓದಿ. ಮುಂದೆ ಏನೂ ಇಲ್ಲ.

ಇಂತಿ ತಮ್ಮ ಆಜ್ಞಾಧಾರಕ
ಕೋದಂಡರಾಮಪ್ಪ

*

ಚಿಂತಪಲ್ಲಿ, ಆವನಿ ಹತ್ತಿರ
೩-೧೦-೧೯೩೭

ಚಿರಂಜೀವಿ ಕೋದಂಡನಿಗೆ ಗಂಗರತ್ನಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಮೇಷ್ಟ್ರು ಓದಿದರು. ಎಲ್ಲರೂ ಕೇಳಿದರು.

ಅಪ್ಪ ಆರೋಗ್ಯ. ನಿನ್ನ ಭಾವನಿಗೆ ಕಾಲಿನ ಗಾಯ ಮಾಯ್ದಿದೆ. ಹೂಬಿಟ್ಟ ಅವರೆ ಚೆನ್ನಾಗಿದೆ. ಕಪ್ಪು ಹಸು ಕರು ಹಾಕಿತು.

ಇನ್ನು ಮುಂದೆ ಕಾಗದವನ್ನು ಅಪ್ಪನ ಹೆಸರಿಗೆ ಹಾಕಬೇಡ. ನನ್ನ ಹೆಸರಿಗೆ ಹಾಕು. ಓದಿ ಹೇಳಲು ನನಗೂ ಬರುತ್ತದೆ. ಮುಳಬಾಗಿಲಿನಲ್ಲಿ ಸ್ಕೂಲಿಗೆ ಹೋಗಿದ್ದು ಸುಮ್ಮನೆ ಅಲ್ಲವಲ್ಲ.

ನೀನು ನೋಡಿದ್ದು ನಮ್ಮ ಊರ ಅಮ್ಮನದೇ ಮುಖವೇ? ಹಾಗೆ ಕಾಣುವ ಬೇರೆ ಯಾವುದಾದರೂ ಇರಬಹುದಲ್ಲ. ಚೆನ್ನಾಗಿ ಯೋಚನೆ ಮಾಡಿ ಬರಿ.

ಗಂಗರತ್ನಮ್ಮ

*

ಬೊಂಬಾಯಿ
೧೫-೧೦-೧೯೩೭

ಅಕ್ಕಯ್ಯನವರ ಸನ್ನಿಧಾನಕ್ಕೆ,

ತಾವು ಅಪ್ಪಣೆ ಕೊಟ್ಟಂತೆ ಈ ಕಾಗದ ತಮ್ಮ ಹೆಸರಿಗೇ ಬರುತ್ತಿದೆ. ಅಂಚೆಯವನು ಬೀದಿಯಲ್ಲಿ 'ಗಂಗರತ್ನಮ್ಮನೋರಿಗೆ ಬೊಂಬಾಯಿ ಕಾಗದ' ಎಂದು ಕೂಗುವುದನ್ನು ಕೇಳಬೇಕೆಂಬ ಆಸೆ ನಿನಗೆ ಇಷ್ಟು ದಿನ ಇತ್ತು ಎಂದು ತಿಳಿಯದೇ ಹೋಯಿತು. ಮೇಷ್ಟ್ರ ಕೆಲಸ ಕಿತ್ತುಕೊಂಡೆ. ಪಾಪ, ಅವರ ಗಂಟಲಿಗೆ ಈಗ ಏನು ಗತಿ?

ನಮ್ಮ ಅಮ್ಮನೇ ಹೌದೋ ಎಂದು ಕೇಳಿದ್ದೀಯ. ಮತ್ತೊಮ್ಮೆ ಹೋಗಿ ನೋಡಿ ಬಂದೆ. ಅದೇ ಕೆನ್ನೆ, ಅದೇ ತೇಪೆ, ತೇಪೆಯ ಅಂಚಿನಲ್ಲಿ ಅದೇ ಮೂರು ಮೊಳೆ. ಚಿಕ್ಕವನಿದ್ದಾಗ ಆ ಮೊಳೆಗಳನ್ನು ಮುಟ್ಟಿ ನಿನ್ನಿಂದ ತಲೆಯ ಮೇಲೆ ಮೊಟಕಿಸಿಕೊಂಡಿದ್ದೇನೆ. ಆ ಮೊಟಕು ನೆನಪಿರುವ ತಲೆಗೆ ಮೊಳೆ ಮರೆಯುವುದಿಲ್ಲ. ಸಂಶಯವೇ ಬೇಡ, ನೂರಕ್ಕೆ ನೂರು ನಮ್ಮವಳು. ಊರಿನವರಿಗೆ ಧೈರ್ಯವಾಗಿ ಹೇಳು.

ನಿನ್ನೆ ಸಂಜೆ ಸಮುದ್ರದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ನಮ್ಮ ಕೆರೆಯಲ್ಲಿ ಈಜಿ ಬಂದರೆ ಮೈಯೆಲ್ಲ ಕಾಗೆಬಂಗಾರ ಮಿನುಗುತ್ತಿತ್ತಲ್ಲ, ಸ್ಕೂಲು ತಪ್ಪಿಸಿ ಈಜಲು ಹೋದವರನ್ನು ಮೇಷ್ಟ್ರು ಅದರಿಂದಲೇ ಹಿಡಿಯುತ್ತಿದ್ದರು. ಈ ನೀರಿನಲ್ಲಿ ಬರೀ ಉಪ್ಪು. ಇಷ್ಟು ಉಪ್ಪು ತಿಂದರೂ ಈ ಊರು ನನಗೆ ಇನ್ನೂ ಸಪ್ಪೆಯಾಗಿದೆ.

ಯುಗಾದಿಗೆ ಸರದಿ ನಮ್ಮ ಮನೆಯದಲ್ಲವೇ? ಅಮ್ಮನ ಹೊಸ ಮುಖ ಬರುವಾಗ ನಾನೂ ಬರಲು ರಜಾ ಕೇಳುತ್ತೇನೆ. ಅಪ್ಪನಿಗೆ ಹೇಳು.

ನಿನ್ನ ತಮ್ಮ
ಕೋದಂಡ

*

ಚಿಂತಪಲ್ಲಿ
೧೦-೧೨-೧೯೩೭

ಚಿ. ಕೋದಂಡನಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯಬಾರದು ಅಂತ ಇದ್ದೆ. ನೀನು ರಜಾ ಹಾಕಿ ಬರುತ್ತೀನಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ರಜಾ ಹಾಕಬೇಡ. ಯುಗಾದಿಗೆ ಅಮ್ಮ ನಮ್ಮ ಮನೆಗೆ ಬರುವುದಿಲ್ಲ.

ನಿನ್ನ ಮೊದಲಿನ ಕಾಗದ ಓದಿದ ದಿವಸ ಯಾರೂ ನಗಲಿಲ್ಲ. ನಿಲ್ಲಿಸಿ ಅಂತ ನೀನು ಬರೆದ ಕಡೆ ಮೇಷ್ಟ್ರು ನಿಲ್ಲಿಸಿದರು. ಮುನಿರಾಮಪ್ಪ ಮಾವ ಬಾಯಲ್ಲಿದ್ದ ಎಲೆಯನ್ನು ಬೀದಿಗೆ ಉಗಿದು ಎದ್ದು ಬಂದು, ಅದನ್ನು ಇನ್ನೊಂದು ಸಲ ಓದಿ ಮೇಷ್ಟ್ರೆ ಅಂದರು. ಇನ್ನೊಂದು ಸಲ ಓದಿದರು. ಆಮೇಲೆ ಮಾವ ಅಪ್ಪನ ಕಡೆ ತಿರುಗಿ, "ಏನಪ್ಪಾ ವೆಂಕಟರಾಯಪ್ಪ, ನಿನ್ ಮಗನೇ ಬರ್ದವ್ನೆ. ಅಮ್ಮನ್ನ ಎಲ್ಲಿ ಬಿಟ್ಟೆ?" ಅಂತ ಕೇಳಿದರು.

ಅಪ್ಪ ಮಾತಾಡಲಿಲ್ಲ.

ಹಳೇ ಮುಖದ ಬಿರುಕು ದೊಡ್ಡದಾಗಿ ಹೊಸದು ಮಾಡಿಸಿದ ವರ್ಷ ನೀನು ಇನ್ನೂ ಕೋಲಾರದ ಹಾಸ್ಟೆಲಿನಲ್ಲಿದ್ದೆ. ನಿನಗೆ ಕಟ್ಟಳೆ ಪೂರ್ತಿ ಗೊತ್ತಿಲ್ಲ. ಹಳೇ ಮುಖವನ್ನು ಆ ವರ್ಷ ಯಾರ ಮನೇಲಿ ಸರದಿಯೋ ಆ ಮನೆಯ ಗಂಡಸು ತಟ್ಟೇಲಿಟ್ಟು, ಅರಿಶಿನದ ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು, ಹೊತ್ತು ಹುಟ್ಟೋ ಮುಂಚೆ ಒಬ್ಬನೇ ಕೆರೆಗೆ ಇಳಿಯಬೇಕು. ಕುತ್ತಿಗೆ ಮಟ್ಟ ನೀರಿನಲ್ಲಿ ಬಿಟ್ಟು ತಿರುಗಿ ನೋಡದೆ ಬರಬೇಕು. ಯಾರೂ ನೋಡಬಾರದು. ದಾರಿಯಲ್ಲಿ ಯಾರಾದರೂ ಸಿಕ್ಕರೆ ಅವರು ಬೆನ್ನು ತಿರುಗಿಸಿ ನಿಲ್ಲಬೇಕು. ಎಲ್ಲಿ ಬಿಟ್ಟೆ ಅನ್ನೋದನ್ನು ಬಿಟ್ಟವನು ಸಾಯೋ ತನಕ ಬಾಯಿ ಬಿಡಬಾರದು. ಅಪ್ಪನನ್ನು ಒಬ್ಬನೇ ಹೋಗು ಅಂತ ಕಳಿಸಿದ್ದು ಊರೇ. ಈಗ ನೋಡಿದವರು ಯಾರು ಅಂತ ಕೇಳೋದೂ ಊರೇ.

ನಾನು ಮನೆಯೊಳಗೆ ಕೇಳಿದೆ. ಎಲ್ಲಿ ಬಿಟ್ಟೆ ಹೇಳಪ್ಪ, ನನ್ನೊಬ್ಬಳಿಗೆ ಹೇಳು, ನಾನು ನಿಂತು ವಾದ ಮಾಡ್ತೀನಿ ಅಂದೆ. "ಚೆಪ್ಪಕೂಡದಮ್ಮಾ" ಅಂದ. ಹೇಳಬಾರದು ಅನ್ನೋದನ್ನ ತೆಲುಗಿನಲ್ಲಿ ಹೇಳಿದನಲ್ಲ, ಅಜ್ಜಿ ಹೋದಾಗಿನಿಂದ ಅಪ್ಪ ನನ್ನ ಹತ್ತಿರ ತೆಲುಗು ಆಡಿರಲಿಲ್ಲ. ಆಮೇಲೆ ನಾನು ಕೇಳಲಿಲ್ಲ.

ಹೊಸ ಮುಖ ಬಂದ ವರ್ಷವೇ, ಬೇಸಿಗೆ ಕಳೆದ ಮೇಲೆ, ನೀನು ಬೆಂಗಳೂರಿನ ಕಾಲೇಜಿಗೆ ಸೇರಿದೆ. ಹಿಪ್ಪುನೇರಳೆ ತೋಟ ಮಾರಿ ನಿನ್ನನ್ನು ಸೇರಿಸಿದ್ದು ಅವತ್ತು ಊರಿಗೆಲ್ಲ ಗೊತ್ತಿತ್ತು. ಈಗ ಯಾರಿಗೂ ಜ್ಞಾಪಕ ಇಲ್ಲ. ಅಮ್ಮನನ್ನು ಮಾರಿ ಮಗನನ್ನು ಓದಿಸಿದ ಅಂತ ಬಾವಿಕಟ್ಟೆ ಹತ್ತಿರ ಹೇಳ್ತಾರೆ. ನನ್ನ ಮುಂದೆ ಯಾರೂ ಹೇಳುವುದಿಲ್ಲ. ನಾನು ಹೋದರೆ ಮಾತು ನಿಲ್ಲುತ್ತದೆ.

ಸರದಿ ನಮ್ಮ ಮನೆ ಬಿಟ್ಟು ಕೆಳಗಿನ ಬೀದಿಗೆ ಹೋಗುತ್ತಂತೆ. ಅಪ್ಪ ಜಗಲಿ ಮೇಲೆ ಕೂರೋದು ಬಿಟ್ಟ. ಹಿತ್ತಲಲ್ಲಿ ಹಸುವಿನ ಹತ್ತಿರ ಕೂತಿರುತ್ತಾನೆ.

ನೀನು ಬೇಕು ಅಂತ ಮಾಡಲಿಲ್ಲ, ನನಗೆ ಗೊತ್ತು. ಅದಕ್ಕೇ ಬರೆಯಬಾರದು ಅಂತಿದ್ದೆ.

ಗಂಗರತ್ನಮ್ಮ

*

ಬೊಂಬಾಯಿ
೧೮-೧೨-೧೯೩೭

ಅಕ್ಕನಿಗೆ ಕೋದಂಡನ ನಮಸ್ಕಾರ.

ನಿನ್ನ ಕಾಗದವನ್ನು ಆಫೀಸಿನಲ್ಲಿ ಒಡೆದೆ. ಒಡೆಯಬಾರದಾಗಿತ್ತು. ಅವತ್ತು ಇಡೀ ದಿನ ಎಲ್ಲ ಕಾಗದಗಳ ಮೇಲೂ ತಪ್ಪು ತಾರೀಖು ಬರೆದಿದ್ದೇನೆಂದು ಹೆಡ್ ಗುಮಾಸ್ತ ಕೂಗಾಡಿದ.

ಮುನಿರಾಮಪ್ಪ ಮಾವನಿಗೆ ಬುದ್ಧಿ ಇಲ್ಲವೇ? ಟಿಕೀಟಿನ ಮಾತು ತಮಾಷೆ ಎಂದು ಕೂಸಿಗೂ ಗೊತ್ತಾಗುತ್ತದೆ. ನಾನು ಇದಕ್ಕಾಗಿಯೇ ಒಂದು ಕಾಗದ ಬರೆದು ಮೇಷ್ಟ್ರಿಗೆ ಕಳಿಸುತ್ತೇನೆ. ತಮಾಷೆಗೆ ಟೀಕೆ ಬರೆಯುವ ಕಾಲ ಬಂತು, ಇರಲಿ.

ಆದರೆ ಅಕ್ಕ, ನಿನ್ನೊಬ್ಬಳ ಹತ್ತಿರ ಒಂದು ಮಾತು. ಕೋಪ ಮಾಡಿಕೊಳ್ಳಬೇಡ. ಮುಖ ಇಲ್ಲಿರುವುದಂತೂ ನಿಜ. ಕೆರೆಯ ತಳದಿಂದ ಕಂಚು ತಾನಾಗಿ ಎದ್ದು ಬರುವುದಿಲ್ಲ. ಅಪ್ಪ ಏನೂ ಹೇಳುತ್ತಿಲ್ಲ ಎನ್ನುತ್ತೀಯ. ಹೇಳಬಾರದೆಂಬ ಕಟ್ಟಳೆ ಇದ್ದರೆ ಎಲ್ಲಿ ಎಂಬುದನ್ನು ಹೇಳುವುದು ಬೇಡ. ನಾನು ಮಾರಲಿಲ್ಲ ಎನ್ನಲು ಯಾವ ಕಟ್ಟಳೆ ಅಡ್ಡ? ನನ್ನ ಆ ವರ್ಷದ ಖರ್ಚು ತೋಟವೊಂದರಿಂದಲೇ ನಡೆಯಿತೇ? ಅಕಸ್ಮಾತ್ ಅಪ್ಪ ಹಾಗೆ ಮಾಡಿದ್ದರೂ ನನಗಾಗಿಯೇ ಮಾಡಿದ್ದು. ನಾನು ಅದಕ್ಕೆ ಅಪ್ಪನನ್ನು ಯಾವತ್ತೂ ಒಂದು ಮಾತು ಅನ್ನುವವನಲ್ಲ. ಇದನ್ನು ಅಪ್ಪನಿಗೆ ಹೇಗೆ ತಿಳಿಸಬೇಕೋ ನೋಡಿ ತಿಳಿಸು. ನಮ್ಮಲ್ಲೇ ಇರಲಿ.

ಬೇಗ ಬರಿ.

ಕೋದಂಡ

*

ಬೊಂಬಾಯಿ
೯-೧-೧೯೩೮

ಅಕ್ಕನಿಗೆ,

ಉತ್ತರವಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವುದರಲ್ಲಿ ಓಡಾಡುತ್ತಿದ್ದೀಯ ಎಂದುಕೊಳ್ಳುತ್ತೇನೆ. ಒಳ್ಳೆಯ ಮಾತಾಡು ಎಂದು ಇನ್ನೊಬ್ಬರಿಗೆ ಹೇಳಿಕೊಂಡು ತಿರುಗುವ ಕಾಲ. ನನಗೂ ಒಂದು ಒಳ್ಳೆಯ ಮಾತು ಕಳಿಸು. ಕೆಟ್ಟದ್ದಾದರೂ ಸರಿ.

ಕೋದಂಡ

*

ಬೊಂಬಾಯಿ
೩೦-೧-೧೯೩೮

ಅಕ್ಕನಿಗೆ,

ನೀನು ಇನ್ನೂ ಬರೆದಿಲ್ಲ. ಏಕೆ ಎಂದು ನನಗೆ ಈಗ ಗೊತ್ತಾಗಿದೆ. ಇದನ್ನು ಪೂರ್ತಿ ಓದು.

ನಿನ್ನ ಮೌನ ಹಿಡಿದುಕೊಂಡು ಒಂದು ಭಾನುವಾರ ಮತ್ತೆ ಮ್ಯೂಸಿಯಂಗೆ ಹೋದೆ. ಗಾಜಿನ ಮುಂದೆ ನಿಂತೆ. ಪಕ್ಕದಲ್ಲಿ ಯಾರೋ ಹಳ್ಳಿಯ ಗಂಡಹೆಂಡಿರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಯಾವ ಅಮ್ಮನೆಂದು ತಿಳಿಯದೆ ಇದ್ದರೂ ಕೈಮುಗಿದು ಹೋದರು. ನಾನು ಅಷ್ಟು ಸಲ ಹೋದವನು, ಒಮ್ಮೆಯೂ ಕೈಮುಗಿದಿರಲಿಲ್ಲ. ಮೊದಲ ದಿನ ಅಂಗಿಯ ಕಲೆ ಮುಚ್ಚಿಕೊಂಡಿದ್ದೆ, ಆಮೇಲೆ ಅಭ್ಯಾಸ ತಪ್ಪಿತ್ತು. ಇದನ್ನು ಬರೆಯುವಾಗ ಬಾಯಿಗೊಂದು ಶ್ಲೇಷೆ ಬಂತು. ನುಂಗಿದೆ.

ಮುಖವನ್ನು ಮುಂದಿನಿಂದ ಎಷ್ಟು ನೋಡಿದರೂ ಅದು ನಮ್ಮದು ಎಂಬುದಷ್ಟೇ ತಿಳಿಯುತ್ತದೆ. ಎಲ್ಲಿಂದ ಬಂತು ಎಂಬುದು ತಿಳಿಯುವುದಿಲ್ಲ. ಹಿಂಭಾಗ ನೋಡಬೇಕು ಅನ್ನಿಸಿತು. ಕಾವಲಿನವನು ನಕ್ಕ. ಒಳಗಿನ ಆಫೀಸಿಗೆ ಹೋಗಿ ಅರ್ಜಿ ಕೊಟ್ಟೆ. ಮತ್ತೆ ಹೋದೆ, ಮತ್ತೆ ಕೂತೆ. ಕೊನೆಗೆ ಅಲ್ಲಿಯ ಒಬ್ಬ ವಯಸ್ಸಾದ ಪಾರಸಿ ಮಹನೀಯರು, ಹಿಂಭಾಗ ಯಾಕೆ ನೋಡಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ತಂದೆಯವರ ಮರ್ಯಾದೆ ಅದರ ಹಿಂದೆ ಇದೆ ಎಂದೆ. ನಾನು ಏನೋ ಅಲಂಕಾರ ಮಾಡಿ ಹೇಳಿದೆ ಎಂದು ಅವರಿಗೆ ಅನ್ನಿಸಿರಬಹುದು. ಎಲ್ಲವನ್ನೂ ಬಿಡಿಸಿ ಹೇಳಿದೆ. ಬೀಗ ತೆಗೆಸಿದರು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅಮ್ಮನನ್ನು ಬೋರಲು ಮಲಗಿಸಿದರು. ಅಕ್ಕ, ಹಿಂದುಗಡೆ ಟೊಳ್ಳಿನಲ್ಲಿ, ಮೂಗಿನ ಗುಳಿಯಲ್ಲಿ, ಎರಡು ಕೆನ್ನೆಗಳ ಗುಳಿಯಲ್ಲಿ, ಗಟ್ಟಿಯಾಗಿ ಕಚ್ಚಿಕೊಂಡ ಕಪ್ಪು ಗೋಡುಮಣ್ಣು. ತೇಪೆಯ ಹಿಂದೆ ಒಂದು ಪುಟ್ಟ ಬಸವನಹುಳುವಿನ ಚಿಪ್ಪು, ಆ ಮಣ್ಣಿನಲ್ಲೇ ಹೂತುಕೊಂಡು ಕೂತಿದೆ. ಮುಂದಿನ ಭಾಗವನ್ನು ಜನ ನೋಡಲಿ ಎಂದು ತೊಳೆದಿದ್ದಾರಂತೆ. ಹಿಂದನ್ನು ಮುಟ್ಟಿಲ್ಲವಂತೆ. ವರ್ಷಾನುಗಟ್ಟಲೆ ನೀರಿನ ತಳದಲ್ಲಿ ಮಲಗಿದ್ದರಲ್ಲದೆ ಹೀಗೆ ಆಗುವುದಿಲ್ಲ ಎಂದು ಅವರೇ ಅಂದರು. ಯಾರೋ ಹಳೆಯ ಸಾಮಾನಿನ ವ್ಯಾಪಾರಿ ತಂದುಕೊಟ್ಟ ದಿನವೇ ಹೀಗೆ ಇತ್ತಂತೆ.

ಕಿಟಕಿಯ ಬೆಳಕಿಗೆ ಹಿಡಿದರು. ಗೋಡಿನಲ್ಲಿ ಕಾಗೆಬಂಗಾರ ಮಿನುಗಿತು. ಆ ಮಿನುಗು ನಮ್ಮ ಕೆರೆಯದು. ಅದರಿಂದ ನಾನು ಎಷ್ಟು ಸಲ ಸಿಕ್ಕಿಬಿದ್ದು ಏಟು ತಿಂದಿದ್ದೇನೆ!

ಅಪ್ಪ ಬಿಟ್ಟು ಬಂದ. ಬಿಟ್ಟದ್ದು ಅಲ್ಲೇ ಇತ್ತು. ಬೇಸಿಗೆಯಲ್ಲಿ ಎಲ್ಲೆಲ್ಲಿಯ ಗಾಡಿಗಳೋ ಬಂದು ನಮ್ಮ ಕೆರೆಯ ಗೋಡು ಹೊಡೆದುಕೊಂಡು ಹೋಗುತ್ತವಲ್ಲ, ಯಾರ ಸನಿಕೆಗೋ ಸಿಕ್ಕಿರಬೇಕು. ಅಷ್ಟೇ. ಇಷ್ಟು ಸುಲಭದ್ದು ನನ್ನ ತಲೆಗೆ ಹೊಳೆಯಲಿಲ್ಲ. ಬಾವಿಕಟ್ಟೆಯವರಿಗೆ ಹೊಳೆದದ್ದೇ ನನಗೂ ಹೊಳೆಯಿತು.

ಬಟ್ಟೆಯ ಮೇಲೆ ಉದುರಿದ್ದ ಒಂದು ಚಿಟಿಕೆ ಗೋಡನ್ನು ಕೇಳಿದೆ. ಅವರು ಕಾಗದದಲ್ಲಿ ಮಡಿಸಿ ಕೊಟ್ಟರು. ಇದರೊಳಗೆ ಇಟ್ಟಿದ್ದೇನೆ. ಜಗಲಿಯ ಮೇಲೆ ಎಲ್ಲರನ್ನೂ ಕೂರಿಸು. ಮೇಷ್ಟ್ರ ಕೈಯಲ್ಲೇ ಓದಿಸು, ಅವರು ಓದಿದ್ದನ್ನು ಅವರೇ ತಿದ್ದಲಿ. ಮುನಿರಾಮಪ್ಪ ಮಾವ ಬೆರಳಿನಿಂದ ಉಜ್ಜಿ ನೋಡಲಿ. ಐವತ್ತು ವರ್ಷ ಆ ಕೆರೆಯಲ್ಲಿ ಎತ್ತು ತೊಳೆದವರು, ಮಣ್ಣು ಯಾವ ಕೆರೆಯದು ಎಂದು ಹೇಳುತ್ತಾರೆ.

ಮಾರ್ಗಶಿರದಲ್ಲಿ, ತೋಟದ ದುಡ್ಡಿನ ವಿಷಯ ನಾನು ಬರೆದ ಕಾಗದವನ್ನು ಅಪ್ಪನಿಗೆ ಓದಿದೆಯಾ? ಓದಿರಬೇಡ ಅಕ್ಕ.

ಕೋದಂಡ

*

ಚಿಂತಪಲ್ಲಿ
೫-೪-೧೯೩೮

ಚಿರಂಜೀವಿ ಕೋದಂಡನಿಗೆ ಅಕ್ಕ ಮಾಡುವ ಆಶೀರ್ವಾದ.

ಆ ಕಾಗದವನ್ನು ಓದಲಿಲ್ಲ. ಒಲೆಗೆ ಹಾಕಿದೆ. ನಿನ್ನ ಮೇಲೆ ನನಗೆ ಬಂದಿದ್ದ ಸಿಟ್ಟನ್ನು ಒಲೆಗೆ ಹಾಕಲು ಆಗಲಿಲ್ಲ, ಅದಕ್ಕೇ ಬರೆಯಲಿಲ್ಲ. ಈಗ ಇಲ್ಲ.

ಗೋಡು ಬಂತು. ಮೇಷ್ಟ್ರನ್ನು ನಾನೇ ಹೋಗಿ ಕರೆದೆ. ಜಗಲಿ ತುಂಬಿತು. ಅಪ್ಪನನ್ನು ಹಿತ್ತಲಿನಿಂದ ನಿನ್ನ ಭಾವ ಕೈ ಹಿಡಿದು ಕರೆದುಕೊಂಡು ಬಂದರು. ಮೇಷ್ಟ್ರು ಓದಿದರು. ಬಸವನಹುಳು ಬಂದ ಕಡೆ ನಿಲ್ಲಿಸಿ, ನೀರು ಕುಡಿದು ಓದಿದರು. ನಿನ್ನ ಮತ್ತು ನನ್ನ ವಿಷಯದ ಸಾಲುಗಳನ್ನು ನಾನು ಮಡಿಸಿ ಕೊಟ್ಟಿದ್ದೆ.

ಪೊಟ್ಟಣ ತೆಗೆದು ಮುನಿರಾಮಪ್ಪ ಮಾವನಿಗೆ ಕೊಡಬೇಕು ಅಂತ ಕೈ ಚಾಚಿದೆ. ಅಪ್ಪ ನಡುವೆ ಕೈ ಇಟ್ಟ. ತಾನೇ ತೆಗೆದುಕೊಂಡು ಬಿಚ್ಚಿದ. ಹೆಬ್ಬೆರಳಿಗೆ ಹತ್ತಿದ್ದನ್ನು ಬಿಸಿಲಿಗೆ ಹಿಡಿದು ನೋಡಿದ. ನಾನು ಪಕ್ಕದಲ್ಲೇ ಇದ್ದೆ, ಮಿನುಗಿದ್ದು ನನಗೂ ಕಾಣಿಸಿತು. ಬೇರೆ ಯಾರಿಗೂ ಕಾಣುವ ಮುಂಚೆ ಮಡಿಸಿಬಿಟ್ಟ.

"ನಾವೂ ನೋಡ್ಬೇಕಲ್ಲಪ್ಪ" ಅಂದರು ಮಾವ. ಕೆಟ್ಟದಾಗಿ ಅನ್ನಲಿಲ್ಲ.

"ಅಮ್ಮನ ಮೈಮೇಲಿದ್ದದ್ದು. ಕೈಯಿಂದ ಕೈಗೆ ಆಡ್ಸೋದಲ್ಲ" ಅಂದ ಅಪ್ಪ. ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದ.

ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ. ನೀನು ಅಷ್ಟು ದೂರದಿಂದ ಕಳಿಸಿದ್ದು, ಒಂದು ಸಲ ತೋರಿಸಿದ್ದರೆ ಮುಗಿದಿತ್ತು. ಜನ ಎದ್ದು ಹೋದರು. ತೋರಿಸಲಿಲ್ಲ ಅಂದ ಮೇಲೆ ಅದರಲ್ಲಿ ಏನೂ ಇರಲಿಲ್ಲ ಅಂತ ಇನ್ನೊಂದು ಮಾತು ಹುಟ್ಟುತ್ತದೆ ಅಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಬಾವಿ ಹತ್ತಿರ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ಒದ್ದೆ ಪಂಚೇಲೇ ದೇವರ ಮೂಲೆಗೆ ಬಂದು, ಹಿತ್ತಾಳೆ ತಟ್ಟೆ ತೆಗೆದು, ಪೊಟ್ಟಣವನ್ನು ಅದರೊಳಗೆ ಇಟ್ಟು, ಅರಿಶಿನದ ಬಟ್ಟೆ ಮುಚ್ಚಿ, ತಲೆ ಮೇಲೆ ಇಟ್ಟುಕೊಂಡ. ನನಗೆ ಆಗ ತಿಳಿಯಿತು. ಅಪ್ಪಾ, ಈ ವಯಸ್ಸಿಗೆ ಕೆರೆಗೆ ಇಳೀಬೇಡ, ಛಳಿ ಇದೆ ಅಂದೆ. ಅಪ್ಪ ಮಾತಾಡಲಿಲ್ಲ. ಆ ತಟ್ಟೆ ತಲೆ ಮೇಲಿದ್ದಾಗ ಮಾತಾಡಬಾರದಂತೆ, ಆಮೇಲೆ ಹೇಳಿದ. ಹಿಂದೆಯೇ ಹೋದೆ. ಕೆರೆ ಏರಿಯ ಮೇಲೆ ಜನ ಇದ್ದರು. ಮುನಿರಾಮಪ್ಪ ಮಾವ ಎತ್ತುಗಳಿಗೆ ನೀರು ಕುಡಿಸುತ್ತಿದ್ದರು. ಕೆಳಗಿನ ಬೀದಿಯ ಆಂಜಿನಮ್ಮ, ಇನ್ನೂ ಒಂದಿಬ್ಬರು ಹೆಂಗಸರು ಬಟ್ಟೆ ಒಗೆಯಲು ಕೂತಿದ್ದರು.

ಅಪ್ಪ ಯಾರ ಕಡೆಯೂ ನೋಡದೆ ನಡೆದು ಬಂದ. ಮಾವ ಅಪ್ಪನನ್ನು ನೋಡಿದರು. ಆ ತಟ್ಟೆ, ಆ ಬಟ್ಟೆ ನೋಡಿದರು. ಏನಾದರೂ ಅಂತಾರೆ ಅಂತ ನಾನು ಕಾದೆ. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೆರೆಗೆ ಬೆನ್ನು ತಿರುಗಿಸಿ ನಿಂತುಬಿಟ್ಟರು. ಎತ್ತುಗಳನ್ನೂ ಹಗ್ಗ ಹಿಡಿದು ಆ ಕಡೆಗೆ ತಿರುಗಿಸಿದರು. ಅವರನ್ನು ನೋಡಿ ಹೆಂಗಸರೂ ಎದ್ದು ಬೆನ್ನು ತಿರುಗಿಸಿದರು. ಆಂಜಿನಮ್ಮನ ಬಟ್ಟೆ ನೀರಿನಲ್ಲೇ ತೇಲಿ ಹೋಯಿತು, ತಿರುಗಿ ನೋಡಲಿಲ್ಲ.

ನಾನೂ ಬೆನ್ನು ತಿರುಗಿಸಿದೆ ಕೋದಂಡ. ನೀರಿನ ಸದ್ದು ಕೇಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ತುಂಬ ಹೊತ್ತಾಯಿತು. ಭಯವಾಯಿತು. ಆದರೂ ತಿರುಗಲಿಲ್ಲ. ಎಲ್ಲಿ ಬಿಟ್ಟ ಅಂತ ನನಗೂ ಗೊತ್ತಿಲ್ಲ. ಅಪ್ಪ ನಡುಗುತ್ತಾ ನಮ್ಮನ್ನು ದಾಟ್ಕೊಂಡು ಹೋದ ಮೇಲೆಯೇ ಎಲ್ಲರೂ ಈ ಕಡೆ ತಿರುಗಿದ್ದು.

ಆಮೇಲೆ ಬಾವಿಕಟ್ಟೆಯಲ್ಲಿ ನಾನು ಹೋದರೂ ಮಾತು ನಿಲ್ಲುವುದಿಲ್ಲ.

ಯುಗಾದಿ ದಿನ ಅಮ್ಮನ ಮುಖವನ್ನು ಮುನಿರಾಮಪ್ಪ ಮಾವನೇ ತಲೆ ಮೇಲೆ ಹೊತ್ತು ನಮ್ಮ ಬಾಗಿಲಿಗೆ ತಂದರು. "ಸರದಿ ನಿಂದಪ್ಪ" ಅಂದರು. ಅಷ್ಟೇ ಅಂದರು. ಅಪ್ಪ ಎರಡು ಕೈ ಚಾಚಿ ಇಳಿಸಿಕೊಂಡ.

ಕೆರೆಗೆ ಇಳಿದ ದಿನದಿಂದ ಅಪ್ಪನಿಗೆ ಕೆಮ್ಮು ಬಿಟ್ಟಿಲ್ಲ. ಕೋಲಾರದ ಡಾಕ್ಟರರಿಗೆ ತೋರಿಸಿದೆವು. ಎದೆಯಲ್ಲಿ ಕಫ ಕಟ್ಟಿದೆ, ನೋಡೋಣ ಅಂದರು. ಮಲಗೇ ಇರುತ್ತಾನೆ. ಜಗಲಿ ಮೇಲೆ ಮಲಗಿಸು ಅಂತಾನೆ, ಹಿತ್ತಲಲ್ಲಿ ಬೇಡವಂತೆ.

ಅಪ್ಪನ ಮನಸ್ಸಿನಲ್ಲಿ ಇರೋದು ಊರಿನವರ ಮಾತಲ್ಲ. ಅದು ನನಗೆ ಈಗ ತಿಳಿಯುತ್ತಿದೆ. ನೀರಿಗೆ ಬಿಟ್ಟವಳು ನೀರಿನಲ್ಲಿ ಇಲ್ಲವಲ್ಲ, ಒಣಗಿದ ಜಾಗದಲ್ಲಿ ಇದ್ದಾಳಲ್ಲ ಅಂತ. ಮೊನ್ನೆ ನಿನ್ನ ಮೊದಲನೇ ಕಾಗದ ತೆಗೆಸಿ, ಬೊಂಬಾಯಿ ಹೇಗಿದೆ ಅಂತ ಬರೆದಿದ್ದಾನಲ್ಲ ಅದನ್ನು ಓದು ಅಂದ. ಓದಿದೆ. ನಾಲ್ಕು ಕಡೆಯೂ ನೀರು ಅಂತ ಓದುವಾಗ ಕೈ ಎತ್ತಿ ನಿಲ್ಲಿಸಿದ. ಮುಂದಿನದನ್ನು ಕೇಳಲಿಲ್ಲ.

"ನಾಲ್ಕು ಕಡೆಯೂ ನೀರೇನಾ ಅಂತ ಅವನ್ನ ಕೇಳಮ್ಮ. ತಮಾಷೆ ಬೇಡ, ನಿಜ ಬರೀಲಿ. ನಾಲ್ಕು ಕಡೆಯೂ ನೀರಿದ್ರೆ ಅವಳು ನೀರಲ್ಲೇ ಇದ್ದಂಗೆ."

ಬೇಗ ಬರಿ. ಅಪ್ಪನ ಹೆಸರಿಗೇ ಹಾಕು.

ಗಂಗರತ್ನಮ್ಮ

*

ಬೊಂಬಾಯಿ
೧೭-೪-೧೯೩೮

ತೀರ್ಥರೂಪ ಅಪ್ಪನವರಿಗೆ ಕೋದಂಡನ ಸಾಷ್ಟಾಂಗ ನಮಸ್ಕಾರಗಳು. ಮಂಚವನ್ನು ಹೊರಗೆ ಹಾಕಿ ನೆಲದ ಮೇಲೆ ಪೂರ್ತಿ ಮಾಡಿದ್ದೇನೆ.

ನಾಳೆ ರಜಾ ಕೇಳುತ್ತೇನೆ. ಕೊಟ್ಟರೂ ಬರುತ್ತೇನೆ, ಕೊಡದಿದ್ದರೂ ಬರುತ್ತೇನೆ.

ಇವತ್ತು ಅಮ್ಮನ ಹತ್ತಿರ ಹೋಗಿದ್ದೆ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಹೋದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ನಿಮ್ಮ ಹೆಸರು ಹೇಳಿ ಕೈಮುಗಿದೆ. ಮುಖ ಚೆನ್ನಾಗಿದೆ. ಕಿಟಕಿಯಿಂದ ಸಮುದ್ರದ ಗಾಳಿ ಬರುತ್ತದೆ. ಆಮೇಲೆ ತಿರುಗಿ ನೋಡದೆ ಬಂದೆ. ಇನ್ನು ಅಲ್ಲಿಗೆ ಹೋಗುವುದಿಲ್ಲ.

ಅಲ್ಲಿಂದ ಸಮುದ್ರದ ದಂಡೆಗೆ ಹೋಗಿ ಕತ್ತಲಾಗುವ ತನಕ ನಡೆದೆ. ನೀವು ಕೇಳಿದ ಮಾತಿಗೆ ಕಣ್ಣಾರೆ ನೋಡಿ ಉತ್ತರ ಬರೆಯಬೇಕು ಅನ್ನಿಸಿತು.

ಹೌದು ಅಪ್ಪ. ನಾಲ್ಕು ಕಡೆಯೂ ನೀರೇ.

ಕೋದಂಡ